ಪರಿಚಯವೋ, ಜಗಳವೋ? ಅಲರ್ಜಿ ಪರೀಕ್ಷೆಯ ಚರಿತ್ರೆ

1819ರ ಮಾರ್ಚ್ 16ರಂದು ಲಂಡನ್ನಿನ ವೈದ್ಯರ ಸಂಘವೊಂದರಲ್ಲಿ ಜಾನ್ ಬಾಸ್ಟಾಕ್ ಎಂಬ ವೈದ್ಯ ಒಂದು ಪ್ರಬಂಧ ಓದಿದ. ವರ್ಷಾವರ್ಷ ಬೇಸಿಗೆ ಕಾಲಿಟ್ಟೊಡನೆ ಕಣ್ಣು ಕೆಂಪಾಗಿ ತುರಿಸುತ್ತದೆ, ಸೀನಿನ ಮೇಲೆ ಸೀನು ಬರುತ್ತದೆ, ಎದೆ ಬಿಗಿಯುತ್ತದೆ. ಬೇಸಿಗೆ ಕಳೆದರೆ ಎಲ್ಲವೂ ತಾನಾಗಿ ಇಳಿಯುತ್ತದೆ. ಇಂಥ ಒಬ್ಬ ರೋಗಿಯ ವಿವರ ಅದರಲ್ಲಿತ್ತು. ರೋಗಿಯ ಹೆಸರಿನ ಜಾಗದಲ್ಲಿ 'ಜೆ.ಬಿ.' ಎಂದಷ್ಟೇ ಇತ್ತು. ಆ ಜೆ.ಬಿ. ಬೇರೆ ಯಾರೂ ಅಲ್ಲ, ಜಾನ್ ಬಾಸ್ಟಾಕ್ ತಾನೇ. ಬೇಸಿಗೆಯ ಬಿಸಿಯೇ ಇದಕ್ಕೆ ಕಾರಣವೆಂದು ಅವನು ನಂಬಿದ್ದ.

ನಿಜವಾದ ಕಾರಣ ಗೊತ್ತಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಕಂಡುಹಿಡಿದವನೂ ಅದೇ ಕಾಯಿಲೆಯ ರೋಗಿಯೇ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲೇ ಗಾಜಿನ ಪಟ್ಟಿಗಳಿಗೆ ಅಂಟುದ್ರವ ಸವರಿ ಬಯಲಲ್ಲಿಟ್ಟು, ಅದಕ್ಕೆ ಅಂಟಿದ ಹುಲ್ಲಿನ ಪರಾಗದ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಎಣಿಸಿದ. ಮೇಲಿನ ಗಾಳಿಯಲ್ಲೂ ಪರಾಗ ಇದೆಯೇ ಎಂದು ನೋಡಲು ಅಂಥ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿದ. ಪರಾಗವನ್ನು ತನ್ನ ಮೂಗಿಗೆ ಎಳೆದುಕೊಂಡ, ಕಣ್ಣಿಗೆ ಹಾಕಿಕೊಂಡ. ಕೊನೆಗೆ ತೋಳಿನ ಚರ್ಮವನ್ನು ತುಸು ಕೆರೆದು ಅದರ ಮೇಲೆ ಪರಾಗವಿಟ್ಟುಕೊಂಡ. ಸ್ವಲ್ಪ ಹೊತ್ತಿನಲ್ಲೇ ಆ ಜಾಗ ತುರಿಸಿ, ದದ್ದೆದ್ದು ಊದಿಕೊಂಡಿತು. ಇದನ್ನೆಲ್ಲ ಸೇರಿಸಿ 1873ರಲ್ಲಿ ಪುಸ್ತಕ ಬರೆದ. ಇಂದು ಆಸ್ಪತ್ರೆಗಳಲ್ಲಿ ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು ಚುಚ್ಚುವ ಅಲರ್ಜಿ ಪರೀಕ್ಷೆಯ ಮೂಲ ಇಲ್ಲಿದೆ.

ಬ್ಲ್ಯಾಕ್ಲೇಗೆ ಒಂದು ಅನುಕೂಲವಿತ್ತು. ತನಗೆ ಕಾಯಿಲೆ ಇದೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಹುಲ್ಲು ಹೂಬಿಡುವ ಕಾಲದಲ್ಲಿ ಅವನು ಎಷ್ಟೋ ವರ್ಷ ಸೀನಿದ್ದ. ಚರ್ಮದ ದದ್ದು ಅವನಿಗೆ ಕಾಯಿಲೆ ಇದೆಯೆಂದು ಹೇಳಬೇಕಾಗಿರಲಿಲ್ಲ, ಇರುವ ಕಾಯಿಲೆಗೆ ಕಾರಣ ತೋರಿಸಿದರೆ ಸಾಕಿತ್ತು. ಮೊದಲು ಅನುಭವ, ಆಮೇಲೆ ಪರೀಕ್ಷೆ. ಈ ಕ್ರಮ ನಂತರದ ಒಂದೂವರೆ ಶತಮಾನದಲ್ಲಿ ಮತ್ತೆ ಮತ್ತೆ ತಲೆಕೆಳಗಾಗಿದೆ. ನಾನು ವೈದ್ಯನಲ್ಲ, ವೈದ್ಯಕೀಯದ ಇತಿಹಾಸ ಓದುತ್ತಿರುವ ಸಂಶೋಧನಾ ವಿದ್ಯಾರ್ಥಿ. ಹಳೆಯ ವರದಿಗಳನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಈ ಪಲ್ಲಟವೇ. ಪರೀಕ್ಷೆ ಏನು ಹೇಳುತ್ತದೆ, ಅದನ್ನು ನಾವು ಏನೆಂದು ಕೇಳಿಸಿಕೊಳ್ಳುತ್ತೇವೆ ಎಂಬ ಎರಡರ ನಡುವಿನ ಅಂತರದಲ್ಲಿ ಜನ ಪಥ್ಯ ಮಾಡಿದ್ದಾರೆ, ಔಷಧ ಬಿಟ್ಟಿದ್ದಾರೆ, ಕೆಲವರು ಜೀವವನ್ನೂ ಕಳೆದುಕೊಂಡಿದ್ದಾರೆ.

*

'ಅಲರ್ಜಿ' ಎಂಬ ಪದಕ್ಕೆ ನೂರಿಪ್ಪತ್ತು ವರ್ಷ ವಯಸ್ಸು. ಅದಕ್ಕೂ ಸ್ವಲ್ಪ ಹಿಂದೆ, 1901ರಲ್ಲಿ, ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೇ ಎಂಬಿಬ್ಬರು ಮೊನಾಕೊದ ರಾಜಕುಮಾರನ ಹಡಗಿನಲ್ಲಿ ಸಮುದ್ರಯಾನ ಹೊರಟಿದ್ದರು. ಕಡಲಜೀವಿಗಳ ವಿಷವನ್ನು ಅಭ್ಯಾಸ ಮಾಡುವುದು ಅವರ ಉದ್ದೇಶ. ಊರಿಗೆ ಮರಳಿದ ಮೇಲೆ ನಾಯಿಗಳಿಗೆ ಆ ಬಗೆಯ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಒಮ್ಮೆ ಕೊಟ್ಟರೆ ದೇಹ ಅದಕ್ಕೆ ಒಗ್ಗಿಕೊಳ್ಳಬಹುದೆಂದು ಅವರ ನಿರೀಕ್ಷೆ. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಸಲ ಆರಾಮಾಗಿಯೇ ಇತ್ತು. ಸುಮಾರು ಮೂರು ವಾರ ಕಳೆದು ಅಷ್ಟೇ ಪ್ರಮಾಣ ಮತ್ತೆ ಕೊಟ್ಟಾಗ 25 ನಿಮಿಷದಲ್ಲಿ ಸತ್ತುಹೋಯಿತು. ರಕ್ಷಣೆಯ ಬದಲು ಅದಕ್ಕೆ ತದ್ವಿರುದ್ಧವಾದುದು ನಡೆದಿತ್ತು. ರಿಶೆ ಇದಕ್ಕೆ 'ಅನಾಫಿಲಾಕ್ಸಿಸ್' ಎಂದು ಹೆಸರಿಟ್ಟ. 1913ರಲ್ಲಿ ಅವನಿಗೆ ನೊಬೆಲ್ ಬಂತು. ಮೊದಲ ಸಲ ಸುಮ್ಮನಿದ್ದ ದೇಹ ಎರಡನೆಯ ಸಲ ಕೆರಳಬಹುದು ಎಂಬ ಈ ಅರಿವು ಚರ್ಮ ಪರೀಕ್ಷೆಯ ಅಪಾಯದ ಮೂಲದಲ್ಲೂ ಇದೆ. ಯಾವುದಕ್ಕೆ ದೇಹ ಕೆರಳುತ್ತದೋ ಅದನ್ನೇ ಒಂದಿಷ್ಟು ಒಳಗೆ ಬಿಟ್ಟು ನೋಡುವುದೇ ಆ ಪರೀಕ್ಷೆಯ ವಿಧಾನ.

ವಿಯೆನ್ನಾದಲ್ಲಿ ಮಕ್ಕಳ ವೈದ್ಯನಾಗಿದ್ದ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ 'ಅಲರ್ಜಿ' ಎಂಬ ಪದ ಕಟ್ಟಿದ. ಗಂಟಲಮಾರಿಗೆ ಕುದುರೆಯ ರಕ್ತದಿಂದ ತಯಾರಿಸಿದ ಸೀರಮ್ ಕೊಡುತ್ತಿದ್ದ ಕಾಲ ಅದು. ಎರಡನೆಯ ಸಲ ಸೀರಮ್ ಪಡೆದ ಮಕ್ಕಳ ದೇಹ ಮೊದಲಿಗಿಂತ ಬೇಗ, ಮೊದಲಿಗಿಂತ ಜೋರಾಗಿ ಪ್ರತಿಕ್ರಿಯಿಸುವುದನ್ನು ಅವನೂ ಅವನ ಸಂಗಡಿಗ ಬೇಲಾ ಶಿಕ್ ಕೂಡ ಗಮನಿಸಿದ್ದರು. ಹಿಂದೊಮ್ಮೆ ಎದುರಾದ ವಸ್ತುವಿಗೆ ದೇಹ ತನ್ನ ವರ್ತನೆ ಬದಲಿಸಿಕೊಳ್ಳುತ್ತದೆ. ಈ 'ಬದಲಾದ ಪ್ರತಿಕ್ರಿಯೆ'ಯೇ ಪಿರ್ಕೆಯ ಅಲರ್ಜಿ. ಅದು ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಅವನ ಲೆಕ್ಕದಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡ ಮಗುವಿನ ದೇಹದಲ್ಲೂ ಅಲರ್ಜಿ ಇತ್ತು.

ಮರುವರ್ಷ, 1907ರಲ್ಲಿ, ಅವನು ಕ್ಷಯಕ್ಕೆ ಚರ್ಮ ಪರೀಕ್ಷೆ ತಂದ. ಚರ್ಮ ಕೆರೆದು ಟ್ಯುಬರ್‌ಕ್ಯುಲಿನ್ ಹಚ್ಚಿದರೆ ಕ್ಷಯದ ರೋಗಾಣು ಹೊಕ್ಕ ಮಕ್ಕಳಲ್ಲಿ ಆ ಜಾಗ ಕೆಂಪಾಗಿ ಗಂಟು ಕಟ್ಟುತ್ತದೆ. ಆದರೆ ಪರೀಕ್ಷೆ ಮಾಡುತ್ತ ಹೋದಂತೆ ಒಂದು ವಿಚಿತ್ರ ಕಂಡಿತು. ಮಕ್ಕಳ ವಯಸ್ಸು ಹೆಚ್ಚಿದಂತೆ ಚರ್ಮ ಕೆಂಪಾಗುವವರ ಸಂಖ್ಯೆಯೂ ಏರುತ್ತಿತ್ತು. ಅವರಲ್ಲಿ ಬಹಳ ಮಂದಿ ಕೆಮ್ಮು ಜ್ವರ ಏನೂ ಇಲ್ಲದೆ ಓಡಾಡಿಕೊಂಡಿದ್ದವರು. ಈ ದೇಹಕ್ಕೆ ಈ ರೋಗಾಣುವಿನ ಪರಿಚಯವಾಗಿದೆ ಎಂದಷ್ಟೇ ಚರ್ಮ ಹೇಳುತ್ತಿತ್ತು. ಇಬ್ಬರ ನಡುವೆ ಈಗ ಜಗಳ ನಡೆದಿದೆಯೇ ಎಂದು ಹೇಳುತ್ತಿರಲಿಲ್ಲ.

ಪರಿಚಯ ಬೇರೆ, ಜಗಳ ಬೇರೆ. ಕ್ಷಯದ ವೈದ್ಯರು ಇದನ್ನು ಬೇಗ ಕಲಿತರು. ಅಲರ್ಜಿಯ ಚರಿತ್ರೆಯಲ್ಲಿ ಇದನ್ನು ಪ್ರತಿ ತಲೆಮಾರೂ ಹೊಸದಾಗಿ ಕಲಿಯಬೇಕಾಗಿ ಬಂದಿದೆ.

ನಮ್ಮ ಮಾತಿನಲ್ಲಿ ಅಲರ್ಜಿ ಬರುವ ಮೊದಲೂ ಇದಕ್ಕೆ ಪದಗಳಿದ್ದವು. 'ಅದು ನನಗೆ ಒಗ್ಗಲ್ಲ', 'ಆಗಿಬರಲ್ಲ' ಎನ್ನುತ್ತೇವೆ. ಬದನೆಕಾಯಿ ನಂಜು ಎನ್ನುತ್ತೇವೆ. ಮೈಮೇಲೆ ದದ್ದೆದ್ದರೆ ಪಿತ್ತದ ಗಂಧೆ ಎನ್ನುತ್ತೇವೆ. ಇವುಗಳಲ್ಲಿ ನಂಬಿಕೆಯೂ ಇದೆ, ಅನುಭವವೂ ಇದೆ, ಎಲ್ಲವೂ ವಿಜ್ಞಾನವಲ್ಲ. ಆದರೆ 'ಒಗ್ಗಲ್ಲ' ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಒಂದು ಘಟನೆ ಇರುತ್ತದೆ: ತಿಂದೆ, ಹೀಗಾಯಿತು, ಇನ್ನು ತಿನ್ನುವುದಿಲ್ಲ. ತಿನ್ನುವ ಮೊದಲೇ 'ಒಗ್ಗಲ್ಲ' ಎಂದು ಹೇಳಬಲ್ಲ ಸಾಧನ ಇಪ್ಪತ್ತನೆಯ ಶತಮಾನದ್ದು.

*

1912ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಆಸ್ಕರ್ ಶ್ಲಾಸ್ ಒಂದು ಮಗುವಿನ ಕಥೆ ಪ್ರಕಟಿಸಿದ. ಮೊಟ್ಟೆ, ಬಾದಾಮಿ, ಓಟ್ಸ್ ಮೂರೂ ಆ ಮಗುವಿಗೆ ಆಗುತ್ತಿರಲಿಲ್ಲ. ಆ ಪದಾರ್ಥಗಳನ್ನು ಚರ್ಮದ ಗೀರಿನ ಮೇಲೆ ಹಚ್ಚಿದಾಗ ದದ್ದು ಎದ್ದಿತು. ಇಲ್ಲೂ ಕಥೆ ಮೊದಲು, ಗೀರು ಆಮೇಲೆ. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲೇ ರಾಬರ್ಟ್ ಕುಕ್ ಎಂಬ ವೈದ್ಯ ಗೀರುವ ಬದಲು ಸಾರವನ್ನು ಚರ್ಮದ ಪದರದೊಳಕ್ಕೆ ಚುಚ್ಚಿ ಸೇರಿಸುವ ವಿಧಾನವನ್ನು ರೂಢಿಗೆ ತಂದ. ಕೆಲವೇ ವರ್ಷಗಳಲ್ಲಿ ಪರಾಗ, ಧೂಳು, ಬೆಕ್ಕಿನ ಕೂದಲು, ಹತ್ತಾರು ಆಹಾರ ಎಲ್ಲಕ್ಕೂ ಸಾರಗಳು ತಯಾರಾಗಿ ಬಾಟಲಿಗಳಲ್ಲಿ ಬರತೊಡಗಿದವು. ಒಬ್ಬನ ಬೆನ್ನ ಮೇಲೆ ಹತ್ತಾರು ಪರೀಕ್ಷೆ ಒಟ್ಟಿಗೇ ಮಾಡುವುದು ಸುಲಭವಾಯಿತು. ಸುಲಭವಾದದ್ದು ರೂಢಿಯಾಯಿತು.

ಹಾಗಾದರೆ ದದ್ದು ಏಳಿಸುವುದು ಯಾವುದು? ಇದಕ್ಕೆ ಉತ್ತರ ಹುಡುಕಿದ ಪ್ರಯೋಗ ಇಂದು ಯಾವ ನೈತಿಕ ಸಮಿತಿಯ ಮುಂದೆಯೂ ಪಾಸಾಗಲಾರದು. 1921, ಬ್ರೆಸ್ಲಾವ್ ನಗರ. ಹೈನ್ಜ್ ಕ್ಯೂಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಅವನ ಸಹೋದ್ಯೋಗಿ ಕಾರ್ಲ್ ಪ್ರಾಸ್ನಿಟ್ಸ್‌ಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ. ಕ್ಯೂಸ್ಟ್ನರನ ರಕ್ತದ ಸೀರಮ್ಮನ್ನು ಪ್ರಾಸ್ನಿಟ್ಸ್ ತನ್ನ ಚರ್ಮಕ್ಕೆ ಚುಚ್ಚಿಸಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ದದ್ದು ಎದ್ದಿತು. ಒಗ್ಗದಿಕೆಯ ಗುಟ್ಟು ರಕ್ತದಲ್ಲಿದೆ, ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸಬಹುದು ಎಂದು ಖಚಿತವಾಯಿತು.

ಈ ಪ್ರಯೋಗ ಮುಂದೆ ರೋಗಪತ್ತೆಯ ವಿಧಾನವೇ ಆಯಿತು. ಮೈತುಂಬ ಕಜ್ಜಿಯಿರುವ ರೋಗಿಗೆ ಚುಚ್ಚಿ ನೋಡುವುದು ಕಷ್ಟ. ತೀರ ಎಳೆಯ ಮಗುವಿಗೂ ಕಷ್ಟ. ಅಂಥವರ ಸೀರಮ್ಮನ್ನು ಆರೋಗ್ಯವಂತ ಇನ್ನೊಬ್ಬರ ಚರ್ಮಕ್ಕೆ ಸೇರಿಸಿ ಅಲ್ಲಿ ಪರೀಕ್ಷೆ ಮಾಡುತ್ತಿದ್ದರು. ಮಗುವಿನ ಪರವಾಗಿ ಹೆತ್ತವರ ಚರ್ಮ ಸಾಕ್ಷಿ ನುಡಿಯುತ್ತಿತ್ತು. ಒಬ್ಬರ ರಕ್ತದ ಜೊತೆ ಕಾಮಾಲೆಯ ವೈರಸ್ಸೂ ಇನ್ನೊಬ್ಬರಿಗೆ ದಾಟುತ್ತದೆ ಎಂಬ ಅರಿವು ಬಲವಾದ ಮೇಲೆ ಈ ವಿಧಾನ ಹಿಂದೆ ಸರಿಯಿತು. ಪ್ರಾಸ್ನಿಟ್ಸ್ ನಾತ್ಸಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟ. ಮುಂದೆ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಒಂದು ಸಣ್ಣ ಊರಿನಲ್ಲಿ ಸಾಮಾನ್ಯ ವೈದ್ಯನಾಗಿ ದುಡಿದ.

ರಕ್ತದಲ್ಲಿ ಅಡಗಿದ್ದ ಆ ಅಂಶ ಸಿಕ್ಕಿದ್ದು ನಾಲ್ಕು ದಶಕಗಳ ನಂತರ. 1966ರ ಹೊತ್ತಿಗೆ ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ದಂಪತಿ, 1967ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಯೋಹಾನ್ಸನ್ ಮತ್ತು ಬೆನ್ನಿಚ್ ಬೇರೆ ಬೇರೆ ದಾರಿಯಿಂದ ಅದೇ ಪ್ರತಿಕಾಯವನ್ನು ತಲುಪಿದರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ನಿಂತಿತು. ರಕ್ತದ ಮಾದರಿಯಲ್ಲೇ ಅದನ್ನು ಅಳೆಯುವ 'ರಾಸ್ಟ್' ಪರೀಕ್ಷೆಯೂ ಸ್ವೀಡನ್ನಿನಿಂದ ಬಂತು. ರೋಗಿಯ ಮೈಗೆ ಏನನ್ನೂ ಸೇರಿಸಬೇಕಾಗಿಲ್ಲವಾದ್ದರಿಂದ ಚರ್ಮ ಪರೀಕ್ಷೆಯ ಅಪಾಯ ಇದರಲ್ಲಿಲ್ಲ. ಉತ್ತರ ಅಂಕಿಯಲ್ಲಿ ಬರುತ್ತದೆ. ಅಂಕಿ ಕಂಡರೆ ನಮಗೆ ನಂಬಿಕೆ ಹೆಚ್ಚು. ಆದರೆ ಪಿರ್ಕೆಯ ಮಕ್ಕಳ ಪಾಠ ಇಲ್ಲೂ ತಪ್ಪುವುದಿಲ್ಲ: ಐಜಿಇ ಇದೆ ಎಂದರೆ ಪರಿಚಯ ಇದೆ ಎಂದರ್ಥ.

*

ಅಪಾಯದ ಮಾತಿಗೆ ಬರೋಣ. ಇಂದು ಬಳಕೆಯಲ್ಲಿರುವ ಪ್ರಿಕ್ ಪರೀಕ್ಷೆ 1924ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಮತ್ತು ಗ್ರಾಂಟ್ ವಿವರಿಸಿದ ವಿಧಾನದಿಂದ ಬೆಳೆದದ್ದು. ಚರ್ಮದ ಮೇಲೆ ಸಾರದ ಒಂದು ಹನಿ, ಅದರ ಮೂಲಕ ಸೂಜಿಮೊನೆಯ ಒಂದು ಸಣ್ಣ ಚುಚ್ಚು, ರಕ್ತ ಬರಬಾರದು. ಪಕ್ಕದಲ್ಲಿ ಹಿಸ್ಟಮಿನ್‌ನ ಒಂದು ಹನಿ, ಬರೀ ಉಪ್ಪುನೀರಿನ ಒಂದು ಹನಿ. ಹಿಸ್ಟಮಿನ್‌ಗೆ ದದ್ದು ಏಳಲೇಬೇಕು; ಏಳದಿದ್ದರೆ ರೋಗಿ ಅಲರ್ಜಿಯ ಮಾತ್ರೆ ನುಂಗಿ ಬಂದಿರಬಹುದು, ಆಗ ಇಡೀ ಪರೀಕ್ಷೆ ವ್ಯರ್ಥ. ಉಪ್ಪುನೀರಿಗೆ ಏಳಬಾರದು; ಎದ್ದರೆ ಬರೀ ಚುಚ್ಚಿಗೇ ಕೆರಳುವ ಚರ್ಮ ಅದು. 15-20 ನಿಮಿಷದ ನಂತರ ನೋಡಿ, ಉಪ್ಪುನೀರಿನ ಗುರುತಿಗಿಂತ 3 ಮಿಲಿಮೀಟರ್ ದೊಡ್ಡದಾದ ದದ್ದನ್ನು ಮಾತ್ರ ಪಾಸಿಟಿವ್ ಎನ್ನುತ್ತಾರೆ.

ಪ್ರಿಕ್‌ನಲ್ಲಿ ಒಳಹೋಗುವ ಸಾರ ತೀರ ಅತ್ಯಲ್ಪ. ಚರ್ಮದೊಳಕ್ಕೆ ಚುಚ್ಚಿ ಸೇರಿಸುವ ಕುಕ್‌ನ ವಿಧಾನದಲ್ಲಿ ಅದರ ಸಾವಿರಾರು ಪಟ್ಟು ಹೋಗುತ್ತದೆ. ಈ ವ್ಯತ್ಯಾಸ ಸಾವಿನ ದಾಖಲೆಗಳಲ್ಲೂ ಕಾಣುತ್ತದೆ. 1945ರಿಂದ 1984ರವರೆಗಿನ ಸಾವುಗಳನ್ನು ಕಲೆಹಾಕಿದ ಅಮೆರಿಕದ ಒಂದು ಸಮೀಕ್ಷೆ 1987ರಲ್ಲಿ ಪ್ರಕಟವಾಯಿತು. ಅಲರ್ಜಿಯ ಚುಚ್ಚುಮದ್ದು ಮತ್ತು ಚರ್ಮ ಪರೀಕ್ಷೆ ಎರಡೂ ಸೇರಿ 46 ಸಾವು. ಸಾಕಷ್ಟು ವಿವರ ಸಿಕ್ಕ 30ರಲ್ಲಿ 6 ಸಾವು ಚರ್ಮ ಪರೀಕ್ಷೆಯಿಂದ ಆದವು. ಅವುಗಳಲ್ಲಿ ಬಹುತೇಕ, ಮೊದಲು ಪ್ರಿಕ್ ಮಾಡಿ ನೋಡದೆ ನೇರವಾಗಿ ಚರ್ಮದೊಳಕ್ಕೆ ಚುಚ್ಚಿದ ಪ್ರಕರಣಗಳು. ನಾಲ್ಕು ದಶಕಗಳಲ್ಲಿ ಲೆಕ್ಕವಿಲ್ಲದಷ್ಟು ಪರೀಕ್ಷೆಗಳು ನಡೆದಿವೆ; ಅದರೆದುರು ಈ ಸಂಖ್ಯೆ ಸಣ್ಣದು. ಆದರೆ ಅದು ಎರಡು ನಿಯಮಗಳನ್ನು ಬಿಟ್ಟುಹೋಯಿತು: ಪ್ರಿಕ್ ಮೊದಲು, ಮತ್ತು ಅಡ್ರಿನಲಿನ್ ಕೈಗೆಟುಕುವ ಕಡೆ ಮಾತ್ರ.

ಪರೀಕ್ಷೆಯ ಸೂಜಿಯಿಂದಾಗುವ ಅಪಾಯ ಹೀಗೆ ಅಪರೂಪ. ಪರೀಕ್ಷೆಯ ಚೀಟಿಯಿಂದಾಗುವ ಅಪಾಯ ಅಷ್ಟು ಅಪರೂಪವಲ್ಲ.

1970ರ ದಶಕದಲ್ಲಿ ಡೆನ್ವರ್‌ನ ಚಾರ್ಲ್ಸ್ ಮೇ ಎಂಬ ಮಕ್ಕಳ ವೈದ್ಯ ಒಂದು ಸರಳ ಉಪಾಯ ಮಾಡಿದ. ಸಂದೇಹಕ್ಕೊಳಗಾದ ಆಹಾರವನ್ನು ಒಣಗಿಸಿ ಕ್ಯಾಪ್ಸೂಲಿನಲ್ಲಿ ತುಂಬಿಸಿದ. ಅದೇ ರೀತಿ ಕಾಣುವ, ಒಳಗೆ ನಿರುಪದ್ರವಿ ಪುಡಿಯಿರುವ ಕ್ಯಾಪ್ಸೂಲುಗಳನ್ನೂ ಮಾಡಿಸಿದ. ಯಾವುದು ಯಾವುದೆಂದು ಮಗುವಿಗೂ ಗೊತ್ತಿಲ್ಲ, ಎದುರು ಕೂತು ನೋಡುವ ವೈದ್ಯರಿಗೂ ಗೊತ್ತಿಲ್ಲ. ಚರ್ಮ ಪರೀಕ್ಷೆಯಲ್ಲಿ ದದ್ದು ಬಂದಿದ್ದ ಎಷ್ಟೋ ಮಕ್ಕಳು ಆ ಆಹಾರವನ್ನು ಏನೂ ಆಗದೆ ಅರಗಿಸಿಕೊಂಡರು. ಇಂದಿಗೂ ಆಹಾರದ ಅಲರ್ಜಿಗೆ ಕೊನೆಯ ಮಾತು ಹೇಳುವುದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ತಿನ್ನಿಸಿ ನೋಡುವ ಈ ವಿಧಾನವೇ. ಆಹಾರದ ಪ್ರಿಕ್ ಪರೀಕ್ಷೆ ನೆಗೆಟಿವ್ ಬಂದರೆ, ತಿಂದ ಕೂಡಲೆ ಮೈಮೇಲೆ ಬರುವ ಬಗೆಯ ಅಲರ್ಜಿ ಇಲ್ಲವೆಂದು ನೂರಕ್ಕೆ 95ರಷ್ಟು ನಂಬಬಹುದು. ಪಾಸಿಟಿವ್ ಬಂದರೆ ಅದರ ಮಾತು ನಿಜವಾಗುವುದು ಅರ್ಧಕ್ಕಿಂತ ಕಡಿಮೆ ಸಲ ಎಂಬುದು ಪಠ್ಯಪುಸ್ತಕಗಳ ಲೆಕ್ಕ.

ತಿನ್ನದಿದ್ದರೆ ಏನು ನಷ್ಟ, ಜೋಪಾನವಾಗಿ ಇರುವುದೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಇದಕ್ಕೆ 2015ರಲ್ಲಿ ಲಂಡನ್ನಿನಿಂದ ಬಂದ ಉತ್ತರ ನನ್ನನ್ನು ಬೆಚ್ಚಿಸಿತು. ತೀವ್ರ ಕಜ್ಜಿ ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳಿನ 640 ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಡಲೆಕಾಯಿಯ ತಿನಿಸು ಕೊಡುತ್ತ ಬಂದರು, ಇನ್ನೊಂದಕ್ಕೆ ಐದು ವರ್ಷದವರೆಗೆ ಕಡಲೆಕಾಯಿ ತೋರಿಸಲಿಲ್ಲ. ಮೊದಲ ಚರ್ಮ ಪರೀಕ್ಷೆಯಲ್ಲಿ ಕಡಲೆಕಾಯಿಗೆ ಸಣ್ಣ ದದ್ದು ಬಂದಿದ್ದ ಶಿಶುಗಳೂ ಇದರಲ್ಲಿದ್ದವು. ಆ ಶಿಶುಗಳ ಪೈಕಿ ದೂರವಿಟ್ಟವರಲ್ಲಿ ನೂರಕ್ಕೆ 35 ಮಕ್ಕಳಿಗೆ ಐದನೆಯ ವಯಸ್ಸಿಗೆ ಕಡಲೆಕಾಯಿಯ ಅಲರ್ಜಿ ಇತ್ತು. ತಿಂದವರಲ್ಲಿ ನೂರಕ್ಕೆ 11ಕ್ಕಿಂತ ಕಡಿಮೆ. ದದ್ದನ್ನು ನೋಡಿ ಹೆದರಿ ದೂರವಿಟ್ಟದ್ದೇ ಪರಿಚಯವನ್ನು ಜಗಳಕ್ಕೆ ತಿರುಗಿಸಿತ್ತು. ಇದನ್ನು ಯಾರೂ ಮನೆಯಲ್ಲಿ ಮಾಡಿ ನೋಡಬಾರದು. ಆದರೆ ಪಥ್ಯಕ್ಕೂ ಒಂದು ಬೆಲೆ ಇದೆ ಎಂಬುದು ಇದರಿಂದ ಗೊತ್ತಾಗುತ್ತದೆ.

*

ಪರೀಕ್ಷೆಯ ಇನ್ನೊಂದು ಮಿತಿ ತಿಳಿಯಲು ದೂರ ಹೋಗಬೇಕಾಗಿಲ್ಲ, ಬೆಂಗಳೂರಿನ ಖಾಲಿ ಸೈಟು ನೋಡಿದರೆ ಸಾಕು. 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದು, ದೇಶವೆಲ್ಲ ಹಬ್ಬಿದ ಪಾರ್ಥೇನಿಯಂ ನಮ್ಮಲ್ಲಿ ಕಾಂಗ್ರೆಸ್ ಗಿಡವಾಯಿತು. ಅದರ ಪರಾಗದಿಂದ ಸೀನು, ಉಬ್ಬಸ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಚರ್ಮ ಪರೀಕ್ಷೆ, ರಾಸ್ಟ್ ಎರಡನ್ನೂ ಬಳಸಿ ಇದನ್ನು ಅಭ್ಯಾಸ ಮಾಡಿದರು. ಯುರೋಪಿನ ಮರಗಳಿಗೆಂದು ಜೋಡಿಸಿದ ಬಾಟಲಿಗಳ ಸೆಟ್ಟಿನಲ್ಲಿ ಈ ಗಿಡ ಇರುವುದಿಲ್ಲ. ತಟ್ಟೆಯಲ್ಲಿ ಇಲ್ಲದ ವಸ್ತುವಿನ ಬಗ್ಗೆ ಚರ್ಮ ಏನನ್ನೂ ಹೇಳಲಾರದು.

ಇದೇ ಗಿಡವನ್ನು ಕೀಳುವ ಕೂಲಿಯವರಿಗೆ, ರೈತರಿಗೆ ಮುಖ, ಕತ್ತು, ಕೈಗಳ ಚರ್ಮ ದಪ್ಪಗಟ್ಟಿ ಸೀಳುವ ಇನ್ನೊಂದು ಕಾಯಿಲೆ ಬರುತ್ತದೆ. ಅದು ಐಜಿಇಯ ಕೆಲಸವಲ್ಲ, ರಕ್ತದ ಬಿಳಿಕಣಗಳು ನಿಧಾನವಾಗಿ ಮಾಡುವ ಕೆಲಸ. ಅದಕ್ಕೆ ಬೇಕಾದದ್ದು 1895ರಲ್ಲಿ ಬ್ರೆಸ್ಲಾವಿನಲ್ಲಿದ್ದ ಯೋಸೆಫ್ ಯಾಡಸ್ಸೋನ್ ತೋರಿಸಿಕೊಟ್ಟ ಪ್ಯಾಚ್ ಪರೀಕ್ಷೆ. ವಸ್ತುವನ್ನು ಬೆನ್ನಿಗೆ ಅಂಟಿಸಿ ಎರಡು ದಿನ ಬಿಟ್ಟು ನೋಡಬೇಕು. ಅಂಥ ರೋಗಿಗೆ ಪ್ರಿಕ್ ಮಾಡಿ 20 ನಿಮಿಷಕ್ಕೆ 'ಏನೂ ಇಲ್ಲ' ಎಂದು ಕಳಿಸಿದರೆ ಅವನು ಮತ್ತೆ ಅದೇ ಹೊಲಕ್ಕೆ ಹೋಗುತ್ತಾನೆ. ಗಿಡ ಒಂದೇ, ಕಾಯಿಲೆ ಎರಡು, ಪರೀಕ್ಷೆಯೂ ಎರಡು.

ಇತ್ತೀಚೆಗೆ ಮೂರನೆಯ ಬಗೆಯೊಂದು ಮಾರುಕಟ್ಟೆಯಲ್ಲಿದೆ. ಒಂದು ಸಿರಿಂಜು ರಕ್ತ ಕೊಟ್ಟರೆ ನೂರಾರು ಆಹಾರಗಳ ಪಟ್ಟಿ ಬಣ್ಣಬಣ್ಣವಾಗಿ ಬರುತ್ತದೆ. ಇವುಗಳಲ್ಲಿ ಕೆಲವು ಅಳೆಯುವುದು ಐಜಿಇಯನ್ನಲ್ಲ, ಐಜಿಜಿ ಎಂಬ ಬೇರೆ ಪ್ರತಿಕಾಯವನ್ನು. ದಿನವೂ ಅನ್ನ ತಿನ್ನುವವನ ರಕ್ತದಲ್ಲಿ ಅಕ್ಕಿಗೆ ಐಜಿಜಿ ಇರುವುದು ಸಹಜ. ಯುರೋಪ್, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಆಹಾರದ ಅಲರ್ಜಿ ಪತ್ತೆಗೆ ಇದನ್ನು ಬಳಸಬೇಡಿ ಎಂದಿವೆ. ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಇಂಥ ಒಂದು ಪಟ್ಟಿ ಹಿಡಿದು ರಾಗಿ, ಹಾಲು, ಟೊಮೆಟೊ ಮೂರನ್ನೂ ಆರು ತಿಂಗಳು ಬಿಟ್ಟಿದ್ದ. ಇವನ್ನು ತಿಂದು ನಿನಗೆ ಯಾವತ್ತಾದರೂ ಏನಾದರೂ ಆಗಿತ್ತೇ ಎಂದು ಕೇಳಿದೆ. 'ಇಲ್ಲ, ರಿಪೋರ್ಟಲ್ಲಿ ಬಂದಿದೆಯಲ್ಲ' ಎಂದ.

*

ನಮ್ಮ ದೇಶದಲ್ಲಿ ಅತಿ ಹೆಚ್ಚು ಜನ ಎದುರಿಸುವ ಅಲರ್ಜಿ ಪರೀಕ್ಷೆಗೆ ಪಟ್ಟಿಯೂ ಇಲ್ಲ, ಬಣ್ಣವೂ ಇಲ್ಲ. ಅದು ಪೆನಿಸಿಲಿನ್ ಚುಚ್ಚುವ ಮೊದಲು ಮುಂಗೈಗೆ ಹಾಕುವ 'ಟೆಸ್ಟ್ ಡೋಸ್'. ನೀರು ಬೆರೆಸಿದ ಪೆನಿಸಿಲಿನ್ನನ್ನು ತುಸು ಚರ್ಮದೊಳಗೆ ಚುಚ್ಚಿ, ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸುತ್ತಾರೆ.

ಇದರ ತೊಡಕು ರಸಾಯನಶಾಸ್ತ್ರದಲ್ಲಿದೆ. ಪೆನಿಸಿಲಿನ್ ಬಹಳ ಚಿಕ್ಕ ಅಣು. ಅದು ಒಡೆದು ದೇಹದ ಪ್ರೋಟೀನುಗಳಿಗೆ ಅಂಟಿಕೊಂಡ ಮೇಲಷ್ಟೇ ದೇಹ ಅದನ್ನು ಗುರುತು ಹಿಡಿಯುತ್ತದೆ. 1960ರ ದಶಕದಲ್ಲಿ ಬರ್ನಾರ್ಡ್ ಲೆವಿನ್ ಮತ್ತಿತರರು ಇದನ್ನು ತಿಳಿದು, ಆ ಅಂಟಿಕೊಂಡ ರೂಪವನ್ನೇ ಹೋಲುವ ಪರೀಕ್ಷಾ ವಸ್ತುವೊಂದನ್ನು ತಯಾರಿಸಿದರು. ಬರೀ ಪೆನಿಸಿಲಿನ್ ಚುಚ್ಚಿದರೆ ಪ್ರಶ್ನೆಯ ಒಂದು ಭಾಗವನ್ನಷ್ಟೇ ಕೇಳಿದಂತೆ. ಜೊತೆಗೆ ಹಿಸ್ಟಮಿನ್, ಉಪ್ಪುನೀರಿನ ಗುರುತುಗಳು ಇಲ್ಲದಿದ್ದರೆ, ಕೆಂಪಾದದ್ದು ಔಷಧಕ್ಕೋ ಸೂಜಿಗೋ ಎಂದು ಹೇಳುವುದು ಕಷ್ಟ. ಅಲರ್ಜಿ ಇದ್ದವರು ಈ ಪರೀಕ್ಷೆಯಲ್ಲಿ ಪಾಸಾಗಬಹುದು, ಇಲ್ಲದವರು ಫೇಲಾಗಬಹುದು.

ಹಾಸನ ಜಿಲ್ಲೆಯ ನಮ್ಮೂರಿನಲ್ಲಿರುವ ದೊಡ್ಡಮ್ಮ ಹೀಗೆ ಫೇಲಾದವರು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕೆಟ್ಟಿತ್ತು. ಗಂಟಲ ಸೋಂಕು ಮರುಕಳಿಸಿ ಕವಾಟ ಇನ್ನಷ್ಟು ಹಾಳಾಗದಿರಲಿ ಎಂದು 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚಿಸಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಚುಚ್ಚಿಸಿಕೊಂಡ ಮೇಲೆ ಒಂದು ದಿನ ಟೆಸ್ಟ್ ಡೋಸ್ ಹಾಕಿದ ಜಾಗ ಕೆಂಪಾಯಿತು. ಉಸಿರು ಕಟ್ಟಲಿಲ್ಲ, ಮೈಮೇಲೆ ಗಂಧೆ ಏಳಲಿಲ್ಲ. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ 'ಪೆನಿಸಿಲಿನ್ ಅಲರ್ಜಿ' ಎಂದು ಬರೆದರು. ಅಂದಿನಿಂದ ದಿನಕ್ಕೆರಡು ಎರಿತ್ರೋಮೈಸಿನ್ ಮಾತ್ರೆ. ಹೊಟ್ಟೆ ತೊಳಸುತ್ತದೆಂದು ಎಷ್ಟೋ ದಿನ ನುಂಗುವುದಿಲ್ಲ. ಕೇಳಿದರೆ, 'ಆ ಸೂಜಿ ನನ್ನ ಮೈಗೆ ಆಗಿಬರಲ್ಲ ಕಣೋ, ಬರೆದೇ ಕೊಟ್ಟವ್ರೆ' ಎನ್ನುತ್ತಾರೆ. ಬರೆದವರನ್ನು ದೂರುವುದೂ ಸುಲಭವಲ್ಲ. ಚುಚ್ಚಿದ ಮೇಲೆ ಯಾರಾದರೂ ಕುಸಿದರೆ ಹೊಣೆ ಸೂಜಿ ಹಿಡಿದವರ ಮೇಲೇ ಬೀಳುತ್ತದೆ.

ಆ ಭಯವನ್ನು ಅಳತೆಗೆ ಹಿಡಿದ ಅಧ್ಯಯನವೊಂದಿದೆ. 1991ರಲ್ಲಿ ಪ್ರಕಟವಾದ ಅದು 11 ದೇಶಗಳ 1,790 ಕೀಲುಜ್ವರದ ರೋಗಿಗಳನ್ನು ಅನುಸರಿಸಿತ್ತು. ಒಟ್ಟು 32,430 ಚುಚ್ಚುಮದ್ದು. ಅಲರ್ಜಿಯ ಲಕ್ಷಣ ಕಂಡದ್ದು 57 ಮಂದಿಯಲ್ಲಿ, ಅನಾಫಿಲಾಕ್ಸಿಸ್ ಆದದ್ದು 4 ಮಂದಿಗೆ, ಸತ್ತದ್ದು ಒಬ್ಬಳು. ಅವಳು ಹೃದಯ ಮೊದಲೇ ತೀರ ಹದಗೆಟ್ಟಿದ್ದ 15 ವರ್ಷದ ಹುಡುಗಿ. ಇಂಥ ಸಾವುಗಳಲ್ಲಿ ಕೆಲವು ಅಲರ್ಜಿಯಿಂದಲ್ಲ, ಸೂಜಿಯ ನೋವಿಗೆ ರಕ್ತದೊತ್ತಡ ಕುಸಿದು ದುರ್ಬಲ ಹೃದಯ ತಾಳದೆ ಆಗಿರಬಹುದು ಎಂದು ಅಮೆರಿಕದ ಹೃದಯ ಸಂಘ 2022ರಲ್ಲಿ ಎಚ್ಚರಿಸಿತು. ಹಾಗಿದ್ದರೆ ಯಾವ ಚರ್ಮ ಪರೀಕ್ಷೆಯೂ ಆ ಸಾವನ್ನು ಮುಂಚೆ ಹೇಳಲಾರದು. ಇನ್ನೊಂದು ತಕ್ಕಡಿಯಲ್ಲಿ, ಚುಚ್ಚುಮದ್ದು ನಿಂತುಹೋದವರ ಕವಾಟಗಳಿವೆ.

ಅಮೆರಿಕದಲ್ಲಿ ಸುಮಾರು ನೂರಕ್ಕೆ 10 ಜನರ ಕಡತದಲ್ಲಿ ಪೆನಿಸಿಲಿನ್ ಅಲರ್ಜಿ ಎಂದು ಬರೆದಿರುತ್ತದೆ. ಅವರನ್ನು ಸರಿಯಾಗಿ ಪರೀಕ್ಷಿಸಿದಾಗ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಆ ಔಷಧ ಏನೂ ಮಾಡುವುದಿಲ್ಲ. ಕೆಲವರಿಗೆ ಮೊದಲೂ ಇರಲಿಲ್ಲ. ನಿಜವಾಗಿ ಇದ್ದವರಲ್ಲೂ ಹೆಚ್ಚಿನವರ ದೇಹ ಹತ್ತು ವರ್ಷದಲ್ಲಿ ಅದನ್ನು ಮರೆತಿರುತ್ತದೆ. ದೇಹ ಮರೆತದ್ದನ್ನು ಕಡತ ಮರೆಯುವುದಿಲ್ಲ.

ಈ ಕಡತಗಳನ್ನು ತಿದ್ದಲು ಆಸ್ಟ್ರೇಲಿಯಾದ ವೈದ್ಯರು 2020ರಲ್ಲಿ ಒಂದು ದಾರಿ ಸೂಚಿಸಿದರು. ಅದರಲ್ಲಿ ಸೂಜಿ ಇಲ್ಲ, ರಕ್ತ ಇಲ್ಲ, ಮೂರು ಪ್ರಶ್ನೆಗಳಿವೆ. ಅದು ಆದದ್ದು ಕಳೆದ ಐದು ವರ್ಷದೊಳಗೋ? ಆಗ ಉಸಿರು ಕಟ್ಟಿತೋ, ಮುಖ ಊದಿತೋ, ಚರ್ಮ ಸುಲಿಯಿತೋ? ಅದಕ್ಕೆ ಚಿಕಿತ್ಸೆ ಬೇಕಾಯಿತೋ? ಪ್ರತಿ ಉತ್ತರಕ್ಕೂ ಅಂಕ. ಅಂಕ ಕಡಿಮೆ ಬಂದವರಿಗೆ ಚರ್ಮ ಪರೀಕ್ಷೆಯನ್ನೇ ಮಾಡದೆ ವೈದ್ಯರ ಎದುರು ಒಂದು ಡೋಸ್ ನುಂಗಿಸಿ ನೋಡಬಹುದೆಂದು ಮುಂದಿನ ಪ್ರಯೋಗಗಳು ತೋರಿಸಿವೆ. ಚರ್ಮವನ್ನು ಕೆರೆದು, ಚುಚ್ಚಿ, ರಕ್ತ ಅಳೆದು ನೂರೈವತ್ತು ವರ್ಷ ನಡೆದ ವೈದ್ಯಕೀಯ ಮತ್ತೆ ರೋಗಿಯ ಬಾಯಿಂದ ಕಥೆ ಕೇಳುವ ಜಾಗಕ್ಕೆ ಬಂದಿದೆ. ಬ್ಲ್ಯಾಕ್ಲೇ ಶುರುಮಾಡಿದ್ದೂ ಅಲ್ಲಿಂದಲೇ. ಪರೀಕ್ಷೆಗಳು ಬೇಡವೆಂದು ಇದರ ಅರ್ಥವಲ್ಲ. ಜೇನುಹುಳು ಕಚ್ಚಿ ಪ್ರಜ್ಞೆ ತಪ್ಪಿದವರಿಗೆ, ಮೀನು ತಿಂದು ಗಂಟಲು ಊದಿದವರಿಗೆ ಅವು ಜೀವ ಉಳಿಸುವ ಮಾಹಿತಿ ಕೊಡುತ್ತವೆ. ಅವರ ಬಳಿ ಕೇಳಬೇಕಾದ ಪ್ರಶ್ನೆ ಮೊದಲೇ ಸಿದ್ಧವಾಗಿರುತ್ತದೆ, ಅಷ್ಟೇ.

ಆ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಕೆಂಪು ಶಾಯಿಯ ಚೀಟಿ ಬರೆದ ದಿನ ಏನೇನಾಯಿತೆಂದು ದೊಡ್ಡಮ್ಮ ಹೇಳಿದ್ದನ್ನೆಲ್ಲ ಅದರ ಕೆಳಗೆ ಸೇರಿಸಿ, ಅವರ ಆಸ್ಪತ್ರೆಯ ಕಡತದೊಳಗೆ ಇಟ್ಟಿದ್ದೇನೆ. ಮುಂದಿನ ತಿಂಗಳು ಅವರಿಗೆ ಹೃದಯ ತಜ್ಞರ ಭೇಟಿಯಿದೆ.